ನೀರಾವಿಯ ಹೊದಿಕೆ

ವೈಶಾಖದ ರಾತ್ರಿ ವಿಕ್ರೋಳಿಯ ಚಾಳಿನ ಪಡಸಾಲೆಯಲ್ಲಿ ಮಲಗಿದವನಿಗೆ ಬೆಳಗಿನ ಜಾವದವರೆಗೂ ಬೆವರು ಆರುವುದಿಲ್ಲ. ವಿಜಾಪುರದ ಬಯಲಿನಲ್ಲಿಯಾದರೋ ಹಗಲಿನ ಬಿಸಿಲು ಇದಕ್ಕಿಂತ ಉಗ್ರ. ಆದರೂ ನಡುರಾತ್ರಿ ಕಳೆಯುವಷ್ಟರಲ್ಲಿ ಅಂಗಳ ತಂಪಾಗತೊಡಗುತ್ತದೆ. ಈ ಭೇದಕ್ಕೆ ಮುಖ್ಯ ಕಾರಣ ಗಾಳಿಯಲ್ಲಿರುವ ನೀರಾವಿ. ಹಗಲೆಲ್ಲ ಕಾದ ನೆಲವು ಕಣ್ಣಿಗೆ ಕಾಣದ ಉಷ್ಣಕಿರಣಗಳನ್ನು ಆಕಾಶದತ್ತ ಸೂಸುತ್ತದೆ. ಒಣಗಾಳಿ ಅವುಗಳಿಗೆ ಸುಲಭವಾಗಿ ದಾರಿ ಬಿಡುತ್ತದೆ. ಕಡಲ ಕಡೆಯ ತೇವದ ಗಾಳಿ ಅವುಗಳನ್ನು ಹೀರಿ ಒಂದಂಶವನ್ನು ಮರಳಿ ನೆಲಕ್ಕೇ ಕಳುಹುತ್ತದೆ. ನೀರಾವಿಗೆ ಈ ಗುಣವುಂಟೆಂಬುದನ್ನು ಜಾನ್ ಟಿಂಡಲ್ 1859ರಿಂದ ಮೊದಲ್ಗೊಂಡು ನಡೆಸಿದ ಪ್ರಯೋಗಗಳಲ್ಲಿ ಅಳೆದು ತೋರಿಸಿದನು.

ಇಲ್ಲಿ ಒಂದು ಆಕ್ಷೇಪವೇಳುತ್ತದೆ. ಭೂಮಿಯ ಶಾಖವನ್ನು ಹಿಡಿದಿಡುವಲ್ಲಿ ನೀರಾವಿಯ ಪಾಲು ಸುಮಾರು ಅರ್ಧ; ಇಂಗಾಲಾಮ್ಲ ವಾಯುವಿನದು ಐದರಲ್ಲೊಂದು. ಹೀಗಿರುವಾಗ ಕಲ್ಲಿದ್ದಲು, ಎಣ್ಣೆಗಳ ಹೊಗೆಯನ್ನೇಕೆ ದೂಷಿಸಬೇಕು? ಆಕ್ಷೇಪದ ಮೊದಲರ್ಧ ಸತ್ಯವೇ. ಎರಡನೆಯದು ಅದರಿಂದ ಹೊರಡುವುದಿಲ್ಲ. ಆವಿಯಾಗಿ ಮೇಲೇರಿದ ನೀರು ಎಂಟು ಹತ್ತು ದಿನಗಳಲ್ಲಿ ಮಳೆಯಾಗಿಯೋ ಹಿಮವಾಗಿಯೋ ಇಳಿದುಬಿಡುತ್ತದೆ. ಗಾಳಿಯಲ್ಲಿ ಎಷ್ಟು ಆವಿ ನಿಲ್ಲಬಲ್ಲುದೆಂಬುದನ್ನು ಅದರ ಉಷ್ಣತೆಯೇ ನಿರ್ಣಯಿಸುತ್ತದೆ: ಘನಮೀಟರಿಗೆ 20 ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುಮಾರು 17 ಗ್ರಾಂ, 30 ಡಿಗ್ರಿಯಲ್ಲಿ ಸುಮಾರು 30. ಮಿಕ್ಕುದು ಚೆಲ್ಲಿಹೋಗುತ್ತದೆ. ಇಂಗಾಲಾಮ್ಲ ಹಾಗಲ್ಲ. ಅದು ಮೋಡಗಟ್ಟದು, ಮಳೆಗರೆಯದು. ಸೇರಿದುದರಲ್ಲಿ ಒಂದು ಪಾಲು ಶತಮಾನಗಳವರೆಗೆ ಉಳಿಯುತ್ತದೆ. ಯಂತ್ರಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ 280ರಷ್ಟಿದ್ದುದು ಈಗ 420ನ್ನು ಮೀರಿದೆ. ಅದು ಗಾಳಿಯನ್ನು ತುಸು ಕಾಯಿಸುತ್ತದೆ. ಕಾದ ಗಾಳಿ ಡಿಗ್ರಿಗೆ ನೂರಕ್ಕೆ ಏಳರಂತೆ ಹೆಚ್ಚು ಆವಿಯನ್ನು ತಾಳುತ್ತದೆ. ಆ ಆವಿ ಅದನ್ನು ಮತ್ತಷ್ಟು ಕಾಯಿಸುತ್ತದೆ. ಅಸಲು ಇಂಗಾಲಾಮ್ಲದ್ದು, ಬಡ್ಡಿ ನೀರಾವಿಯದು. ಬಡ್ಡಿಯೇ ಹೆಚ್ಚುಕಡಿಮೆ ಅಸಲಿನಷ್ಟಾಗುವ ಸಾಲವಿದು. 1967ರಲ್ಲಿ ಮನಾಬೆ ಮತ್ತು ವೆದರಾಲ್ಡ್ ಈ ಲೆಕ್ಕವನ್ನು ಗಣಕಯಂತ್ರದ ನೆರವಿನಿಂದ ಮಾಡಿ ತೋರಿಸಿದರು.

ಶಾಖವನ್ನು ಹಿಡಿಯುವ ಆವಿಯೇ ಮಳೆಯ ದಾಸ್ತಾನೂ ಹೌದಷ್ಟೆ. 2005ರ ಜುಲೈ 26ರಂದು ಸಾಂತಾಕ್ರೂಝದಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಅದೇ ನಗರದ ಕೊಲಾಬಾದಲ್ಲಿ ಕೇವಲ 73. ಇಂಥ ಒಂದು ಮಳೆಯನ್ನೇ ತೋರಿಸಿ ಭೂತಾಪದ ಫಲವಿದೆಂದು ಸಾರುವುದು ಆತುರದ ಮಾತು. ಆದರೆ 1950ರಿಂದ 2015ರ ವರೆಗಿನ ದಾಖಲೆಗಳನ್ನು ಶೋಧಿಸಿದ ಪುಣೆಯ ವಿಜ್ಞಾನಿ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು, ಮಧ್ಯಭಾರತದಲ್ಲಿ ವ್ಯಾಪಕವಾದ ಅತಿವೃಷ್ಟಿಯ ಪ್ರಸಂಗಗಳು ಮೂರು ಪಟ್ಟಾಗಿವೆಯೆಂದೂ ಅವಕ್ಕೆ ತೇವವನ್ನು ಹೆಚ್ಚಾಗಿ ಒದಗಿಸುತ್ತಿರುವುದು ಅರಬ್ಬೀ ಸಮುದ್ರವೆಂದೂ 2017ರಲ್ಲಿ ಪ್ರಕಟಿಸಿದರು.

ಬಯಲುನೆಲ ಕೈಗೆಟುಕದವರು ವಿಕ್ರೋಳಿಯಲ್ಲಿ ಗುಡ್ಡದ ಇಳಿಜಾರನ್ನೇ ಹಿಡಿದು ಮನೆ ಕಟ್ಟಿಕೊಂಡಿದ್ದಾರೆ. 2021ರ ಜುಲೈ 18ರ ನಸುಕಿನಲ್ಲಿ, ರಾತ್ರಿಯಿಡೀ ಸುರಿದ ಮಳೆಗೆ ಸೂರ್ಯನಗರದ ಅಂಥ ಇಳಿಜಾರೊಂದು ಕುಸಿದು, ಮಲಗಿದ್ದವರ ಮೇಲೆ ಬಿದ್ದಿತು.