ಲಿನಕ್ಸ್ ಕರ್ನಲ್‌ನ ಸಂರಚನಾ ದೋಷಗಳ ಸ್ವಯಂಚಾಲಿತ ತಪಾಸಣೆ

ಲಿನಕ್ಸ್ ಕರ್ನಲ್‌ನ ಮೂಲ ಸಂಕೇತದಲ್ಲಿ (ಸೋರ್ಸ್ ಕೋಡ್) ಐಚ್ಛಿಕ ಭಾಗಗಳನ್ನು ಸೇರಿಸುವ ಅಥವಾ ಕೈಬಿಡುವ ಸೂಚನೆಗಳು ಪರಸ್ಪರ ಹೊಂದಿಕೆಯಾಗಿವೆಯೇ ಎಂದು ತಂತ್ರಾಂಶದ ಮೂಲಕವೇ ಪರೀಕ್ಷಿಸುವ ಕ್ರಮವನ್ನು ಸಂರಚನಾ ದೋಷಗಳ ಸ್ವಯಂಚಾಲಿತ ತಪಾಸಣೆ ಎನ್ನುತ್ತಾರೆ.

ಹಿನ್ನೆಲೆ

ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಇಂದು ಕೈಫೋನಿನಿಂದ ಮಹಾಗಣಕದವರೆಗೆ ಬಳಕೆಯಲ್ಲಿದೆ. ಪ್ರತಿಯೊಂದು ಯಂತ್ರಕ್ಕೂ ಬೇಕಾದ ಭಾಗಗಳನ್ನಷ್ಟೇ ಆರಿಸಿಕೊಳ್ಳಲು ಇದರಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ಆಯ್ಕೆಗಳಿವೆ. ಈ ಆಯ್ಕೆಗಳನ್ನೂ ಅವುಗಳ ಪರಸ್ಪರ ಅವಲಂಬನೆಯನ್ನೂ 2002ರಲ್ಲಿ ಬಳಕೆಗೆ ಬಂದ 'ಕೆಕಾನ್ಫಿಗ್' ಎಂಬ ಭಾಷೆಯಲ್ಲಿ ಬರೆಯಲಾಗುತ್ತದೆ. 'ಹೌದು' ಅಥವಾ 'ಇಲ್ಲ' ಎನ್ನಬಹುದಾದ ಪರಸ್ಪರ ಸ್ವತಂತ್ರವಾದ 33 ಆಯ್ಕೆಗಳಿದ್ದರೆ, ಅವುಗಳಿಂದ ಉಂಟಾಗುವ ಜೋಡಣೆಗಳೇ 858 ಕೋಟಿಯನ್ನು ಮೀರುತ್ತವೆ. ಆದ್ದರಿಂದ ಎಲ್ಲ ಜೋಡಣೆಗಳನ್ನೂ ಒಂದೊಂದಾಗಿ ಪರೀಕ್ಷಿಸುವುದು ಅಸಾಧ್ಯ.

ದೋಷದ ಸ್ವರೂಪ

ಆಯ್ಕೆಯ ಹೆಸರು ಕೆಕಾನ್ಫಿಗ್ ಕಡತದಲ್ಲಿ ಒಂದು ರೀತಿ, ಸಿ ಭಾಷೆಯ ಕಡತದಲ್ಲಿ ಇನ್ನೊಂದು ರೀತಿ ಇದ್ದರೆ ಕಂಪೈಲರ್ ಯಾವ ಎಚ್ಚರಿಕೆಯನ್ನೂ ನೀಡುವುದಿಲ್ಲ. ಅಪರಿಚಿತ ಹೆಸರನ್ನು 'ಆರಿಸದ ಆಯ್ಕೆ' ಎಂದೇ ಭಾವಿಸಿ, ಅದಕ್ಕೆ ಸಂಬಂಧಿಸಿದ ಭಾಗವನ್ನು ಸದ್ದಿಲ್ಲದೆ ಕೈಬಿಡುತ್ತದೆ. ಕರ್ನಲ್‌ನಲ್ಲಿ 'ಹಾಟ್‌ಪ್ಲಗ್_ಸಿಪಿಯು' ಎಂದಿರಬೇಕಾದ ಕಡೆ 'ಸಿಪಿಯು_ಹಾಟ್‌ಪ್ಲಗ್' ಎಂದು ಪದಗಳು ಅದಲುಬದಲಾಗಿದ್ದುದು ಇದಕ್ಕೆ ಪ್ರಸಿದ್ಧ ಉದಾಹರಣೆ. ಇದರಿಂದಾಗಿ, ಸಂಸ್ಕಾರಕವೊಂದನ್ನು ಹೊರತೆಗೆದಾಗ ಅದಕ್ಕಾಗಿ ಮೀಸಲಿಟ್ಟ ಸ್ಮೃತಿಯನ್ನು ಬಿಡುಗಡೆ ಮಾಡಬೇಕಾದ ಸಾಲುಗಳು ಎಂದೂ ಕಾರ್ಯಗತವಾಗುತ್ತಿರಲಿಲ್ಲ.

ತಪಾಸಣೆಯ ವಿಧಾನಗಳು

ಹೆಸರುಗಳ ಹೋಲಿಕೆ: ಮೂಲ ಸಂಕೇತದಲ್ಲಿ ಬಳಸಿರುವ ಹೆಸರುಗಳೆಲ್ಲ ಕೆಕಾನ್ಫಿಗ್‌ನಲ್ಲಿ ಇವೆಯೇ ಎಂದು ನೋಡುವುದು. ಕರ್ನಲ್‌ನೊಂದಿಗೇ ದೊರೆಯುವ 'ಚೆಕ್‌ಕೆಕಾನ್ಫಿಗ್‌ಸಿಂಬಲ್ಸ್' ಎಂಬ ಪೈಥಾನ್ ಲಿಪಿ ಈ ಕೆಲಸ ಮಾಡುತ್ತದೆ. ಹೊಸ ಬದಲಾವಣೆಯಿಂದ ಹುಟ್ಟಿದ ದೋಷಗಳನ್ನಷ್ಟೇ ಬೇರ್ಪಡಿಸಿ ತೋರಿಸಬಲ್ಲದು.

ತಾರ್ಕಿಕ ವಿಶ್ಲೇಷಣೆ: ಒಂದು ಭಾಗ ಸೇರ್ಪಡೆಯಾಗಲು ಬೇಕಾದ ಷರತ್ತನ್ನೂ ಕೆಕಾನ್ಫಿಗ್‌ನ ನಿಯಮಗಳನ್ನೂ ತರ್ಕಸೂತ್ರಗಳಾಗಿ ಪರಿವರ್ತಿಸಲಾಗುತ್ತದೆ. ಎರಡೂ ಒಟ್ಟಿಗೆ ಎಂದೂ ನಿಜವಾಗಲಾರವಾದರೆ ಆ ಭಾಗ 'ಮೃತ ಸಂಕೇತ'. ಷರತ್ತು ಸುಳ್ಳಾಗಲು ನಿಯಮಗಳು ಎಂದೂ ಅವಕಾಶ ನೀಡದಿದ್ದರೆ ಆ ಷರತ್ತು ನಿರರ್ಥಕ.

ಯಾದೃಚ್ಛಿಕ ನಿರ್ಮಾಣ: ಆಯ್ಕೆಗಳನ್ನು ಮನಬಂದಂತೆ ಜೋಡಿಸಿ ಕರ್ನಲ್ಲನ್ನು ಕಂಪೈಲ್ ಮಾಡಿ ನೋಡುವುದು. ಇಂಟೆಲ್ ಸಂಸ್ಥೆ ನಡೆಸುವ ಪರೀಕ್ಷಾ ರೋಬಾಟ್ ಇಂತಹ ಜೋಡಣೆಗಳನ್ನೂ ಬಳಸಿ ಹೊಸ ಬದಲಾವಣೆಗಳನ್ನು ಪರೀಕ್ಷಿಸಿ, ದೋಷ ಕಂಡರೆ ಬರೆದವರಿಗೆ ಇ-ಅಂಚೆ ಕಳುಹಿಸುತ್ತದೆ.

ಫಲಿತಾಂಶ

ಜರ್ಮನಿಯ ಎರ್ಲಾಂಗೆನ್-ನ್ಯೂರೆಂಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು ತಾರ್ಕಿಕ ವಿಶ್ಲೇಷಣೆಗಾಗಿ 'ಅಂಡರ್‌ಟೇಕರ್' ಎಂಬ ಸಾಧನವನ್ನು ರಚಿಸಿದರು. 2011ರಲ್ಲಿ ಪ್ರಕಟವಾದ ಅವರ ಪ್ರಬಂಧದ ಪ್ರಕಾರ, ಲಿನಕ್ಸ್‌ನಲ್ಲಿ 1,776 ಸಂರಚನಾ ಸಮಸ್ಯೆಗಳು ಪತ್ತೆಯಾದವು. ಅವುಗಳಲ್ಲಿ 364ನ್ನು ಸರಿಪಡಿಸಲು ತಿದ್ದುಪಡಿಗಳನ್ನು ಸಲ್ಲಿಸಲಾಯಿತು.

ಮಿತಿಗಳು

ಸಾಧನವು ವಿರೋಧವನ್ನು ತೋರಿಸಬಲ್ಲದೇ ಹೊರತು ಬರೆದವರ ಉದ್ದೇಶವನ್ನು ಅರಿಯಲಾರದು. ಮುಂದೆ ಬೇಕಾಗಬಹುದೆಂದು ಉಳಿಸಿಕೊಂಡ ಭಾಗವೂ ಅದಕ್ಕೆ ದೋಷವಾಗಿಯೇ ಕಾಣುತ್ತದೆ. ಮೃತ ಸಂಕೇತವನ್ನು ತೆಗೆದುಹಾಕಬೇಕೇ ಅಥವಾ ಹೆಸರನ್ನು ತಿದ್ದಿ ಅದಕ್ಕೆ ಜೀವ ಕೊಡಬೇಕೇ ಎಂಬ ನಿರ್ಣಯ ಆಯಾ ಭಾಗದ ನಿರ್ವಾಹಕರದ್ದು. ಮೇಲಿನ ಉದಾಹರಣೆಯಲ್ಲಿ ಆ ಸಾಲುಗಳನ್ನು ಅಳಿಸಿಬಿಟ್ಟಿದ್ದರೆ ತಪಾಸಣೆಯ ದೂರು ನಿಲ್ಲುತ್ತಿತ್ತು, ಸ್ಮೃತಿಯ ಸೋರಿಕೆ ಮಾತ್ರ ಉಳಿಯುತ್ತಿತ್ತು.