ಬಿಸಿನೀರಿನಲ್ಲಿ ಸೆನ್ಸರ್‌ನ ಸತ್ಯಪರೀಕ್ಷೆ

ಕಾದ ಎಂಜಿನ್ ಇನ್ನೂ ತಣ್ಣಗಿದೆ ಎಂದು ಕಾರಿನ ಕಂಪ್ಯೂಟರ್‌ಗೆ ಸುಳ್ಳು ಸುದ್ದಿ ಮುಟ್ಟಿದರೆ ಏನಾಗುತ್ತದೆ? ಅದು ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಬಿಡುತ್ತದೆ. ಕಪ್ಪು ಹೊಗೆ ಬರುತ್ತದೆ, ಮೈಲೇಜು ಇಳಿಯುತ್ತದೆ. ಸುಳ್ಳು ಹೇಳುವುದು ಕೆಲವೊಮ್ಮೆ ಹೆಬ್ಬೆರಳು ಗಾತ್ರದ ಕೂಲೆಂಟ್ ತಾಪದ ಸೆನ್ಸರ್. ಹಳೆಯ ಕಾರುಗಳಲ್ಲಿ ಚಳಿಯ ಬೆಳಿಗ್ಗೆ ಚಾಲಕ ಚೋಕ್ ಎಳೆಯುತ್ತಿದ್ದ. ಈಗ ಈ ಸೆನ್ಸರ್‌ನ ಮಾತು ಕೇಳಿ ಕಂಪ್ಯೂಟರ್ ಆ ಕೆಲಸ ಮಾಡುತ್ತದೆ.

ಸೆನ್ಸರ್‌ನ ತುದಿಯೊಳಗಿರುವುದು ಥರ್ಮಿಸ್ಟರ್. ತಾಮ್ರದ ತಂತಿ ಕಾದರೆ ವಿದ್ಯುತ್ ರೋಧ ಹೆಚ್ಚುತ್ತದೆ ಎಂಬುದು ಶಾಲೆಯ ಪಾಠ. ಥರ್ಮಿಸ್ಟರ್‌ನದು ತದ್ವಿರುದ್ಧ ಸ್ವಭಾವ, ಕಾದಷ್ಟೂ ರೋಧ ಕಡಿಮೆ. ಸಿಲ್ವರ್ ಸಲ್ಫೈಡ್‌ನಲ್ಲಿ ಈ ವಿಚಿತ್ರವನ್ನು ಮೈಕೇಲ್ ಫ್ಯಾರಡೆ 1833ರಲ್ಲೇ ಗುರುತಿಸಿದ್ದ. ಅನೇಕ ಕಾರುಗಳ ಸೆನ್ಸರ್‌ಗಳಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ರೋಧ ಎರಡರಿಂದ ಮೂರು ಸಾವಿರ ಓಮ್. 80 ಡಿಗ್ರಿಗೆ ಬರುವಾಗ 300 ಓಮ್ ಆಸುಪಾಸು. ನಿಖರ ಅಂಕಿ ಆಯಾ ಕಾರಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ.

ಪರೀಕ್ಷೆಗೆ ಒಂದು ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತು ತಣ್ಣಗಾದ ಕಾರಿನಲ್ಲಿ, ಕೀಲಿ ತೆಗೆದಿಟ್ಟು, ಸೆನ್ಸರ್‌ನ ಪ್ಲಗ್ ಬಿಡಿಸಿ ಎರಡು ಪಿನ್‌ಗಳ ನಡುವಿನ ರೋಧ ಅಳೆಯಬೇಕು. ಪ್ಲಗ್ ಮತ್ತೆ ಜೋಡಿಸಿ, ಎಂಜಿನ್ ಚೆನ್ನಾಗಿ ಕಾಯಿಸಿ, ನಿಲ್ಲಿಸಿ, ಇನ್ನೊಮ್ಮೆ ಅಳೆಯಬೇಕು. ಬಿಸಿ ಎಂಜಿನ್‌ನ ರೇಡಿಯೇಟರ್ ಮುಚ್ಚಳವನ್ನು ಮಾತ್ರ ಯಾರೂ ಮುಟ್ಟಕೂಡದು. ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಚಿಮ್ಮುತ್ತದೆ.

ತಣ್ಣಗಿದ್ದಾಗಲೇ ಬಿಚ್ಚಿದ ಸೆನ್ಸರ್ ಕೈಯಲ್ಲಿದ್ದರೆ ವಿದ್ಯಾರ್ಥಿಗಳಿಗೆ ಇನ್ನೂ ಚೆಂದದ ಪ್ರಯೋಗವಿದೆ. ತುದಿಯಷ್ಟೇ ಮುಳುಗುವಂತೆ ಅದನ್ನು ಬಿಸಿನೀರಿನಲ್ಲಿ ಇಳಿಬಿಟ್ಟು, ನೀರು ಆರುತ್ತಿದ್ದಂತೆ ಪ್ರತಿ 10 ಡಿಗ್ರಿಗೊಮ್ಮೆ ರೋಧ ಬರೆದುಕೊಂಡು ಗ್ರಾಫ್ ಎಳೆಯಬಹುದು. ಬರುವುದು ಸರಳರೇಖೆಯಲ್ಲ, ಬಾಗಿದ ಗೆರೆ. ಇದಕ್ಕೆ ಪ್ರಯೋಗಶಾಲೆಯ ಥರ್ಮಾಮೀಟರೇ ಬೇಕು, ಜ್ವರ ನೋಡುವುದು ಒಡೆದೀತು. ಕುದಿಯುವ ನೀರೆಂದರೆ 100 ಡಿಗ್ರಿ ಎಂದು ಲೆಕ್ಕ ಹಾಕುವಂತೆಯೂ ಇಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97ರ ಹತ್ತಿರವೇ ಕುದಿಯುತ್ತದೆ.

ಕಾದರೂ ಅಂಕಿ ಕದಲದಿದ್ದರೆ, ನಡುವೆ ಥಟ್ಟನೆ ಹಾರಿದರೆ, ಅಥವಾ ಮೀಟರ್ ಅನಂತ ರೋಧ ತೋರಿಸಿದರೆ ಸೆನ್ಸರ್ ಕೆಟ್ಟಿದೆ. ಅಂಕಿಗಳು ಸರಿಯಿದ್ದರೆ ಹೊಸದಕ್ಕೆ ದುಡ್ಡು ಸುರಿಯುವ ಮೊದಲು ಪ್ಲಗ್‌ನ ಕಿಲುಬು, ಸವೆದ ತಂತಿ ನೋಡಬೇಕು. ಥರ್ಮೋಸ್ಟಾಟ್ ತೆರೆದೇ ಉಳಿದು ಎಂಜಿನ್ ನಿಜಕ್ಕೂ ಕಾಯದೆ ಇರುವುದೂ ಉಂಟು. ಆಗ ಸೆನ್ಸರ್ ಹೇಳುತ್ತಿರುವುದು ಸತ್ಯವನ್ನೇ.