ಶಾಲೆಗೆಲ್ಲ ಒಂದೇ ನೆರಳು

ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಒಳ್ಳೆಯ ಬಿಸಿಲಿರುವ ದಿನ ನೋಡಿ, ಅಂಗಳದಲ್ಲಿ ಒಂದು ಮೀಟರ್ ಎತ್ತರದ ಕೋಲು ನೆಡಿ. ನಡುಹಗಲಲ್ಲಿ ಅದರ ನೆರಳು ಯಾವ ದಿಕ್ಕಿಗೆ ಬೀಳುತ್ತದೆಂದು ದೊಡ್ಡ ತರಗತಿಯ ಮಕ್ಕಳನ್ನು ಕೇಳಿ. ಉತ್ತರಕ್ಕೆ ಎನ್ನುವವರು ಸಿಗುತ್ತಾರೆ, ನೆರಳೇ ಇರುವುದಿಲ್ಲ ಎನ್ನುವವರೂ ಸಿಗುತ್ತಾರೆ. ಬೆಂಗಳೂರಿನಲ್ಲಿ ಜೂನ್ 21ರಂದು ಆ ನೆರಳು ಸುಮಾರು 18 ಸೆಂಟಿಮೀಟರ್ ದಕ್ಷಿಣಕ್ಕೆ ಬೀಳುತ್ತದೆ. ಡಿಸೆಂಬರ್ ಕೊನೆಗೆ ಉತ್ತರಕ್ಕೆ ಹೊರಳಿ 74 ಸೆಂಟಿಮೀಟರ್ ಆಗಿರುತ್ತದೆ. ನಡುವೆ, ಆಗಸ್ಟ್ 18ರ ಹೊತ್ತಿಗೆ, ಕೋಲಿನ ಬುಡದಲ್ಲೇ ಅಡಗುತ್ತದೆ. ಅದೇ ಶೂನ್ಯ ನೆರಳಿನ ದಿನ.

ನಮ್ಮ ಶಾಲೆಗಳಲ್ಲಿ ಪ್ರಾಜೆಕ್ಟ್ ಎಂದರೆ ಅಂಗಡಿಯಿಂದ ತಂದ ಚಾರ್ಟು, ಅಪ್ಪ ಅಮ್ಮ ರಾತ್ರಿ ಕೂತು ಅಂಟಿಸಿದ ಥರ್ಮೋಕೋಲ್ ಎಂದಾಗಿದೆ. ಇದರಲ್ಲಿ ಮಗು ಕೇಳಿದ ಪ್ರಶ್ನೆ ಒಂದೂ ಇಲ್ಲ. ಇಡೀ ಶಾಲೆ ಒಂದೇ ಪ್ರಶ್ನೆಯ ಬೆನ್ನು ಹತ್ತಬೇಕಾದರೆ ಆ ಪ್ರಶ್ನೆ ಒಂದನೇ ತರಗತಿಯ ಕೈಗೂ ಎಟುಕಬೇಕು, ಹತ್ತನೇ ತರಗತಿಯವರ ತಲೆಗೂ ಕೆಲಸ ಕೊಡಬೇಕು. ನೆರಳಿಗೆ ಆ ಗುಣವಿದೆ.

ನಲಿ-ಕಲಿ ಮಕ್ಕಳು ಬೆಳಿಗ್ಗೆ ಒಬ್ಬರ ನೆರಳನ್ನು ಒಬ್ಬರು ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಮಧ್ಯಾಹ್ನ ಅದೇ ಜಾಗದಲ್ಲಿ ನಿಂತು ನೋಡಲಿ. ನಾಲ್ಕೈದನೇ ತರಗತಿಯವರು ಕೋಲಿನ ಸುತ್ತ ವೃತ್ತ ಎಳೆಯಲಿ. ಬೆಳಿಗ್ಗೆ ನೆರಳಿನ ತುದಿ ವೃತ್ತದೊಳಗೆ ಬರುವ ಬಿಂದು, ಸಂಜೆ ಹೊರಗೆ ಹೋಗುವ ಬಿಂದು, ಎರಡನ್ನೂ ಸೇರಿಸಿದರೆ ಪೂರ್ವ-ಪಶ್ಚಿಮ ಗೆರೆ. ಸೂರ್ಯಸಿದ್ಧಾಂತದಲ್ಲಿ ಶಂಕು ನೆಟ್ಟು ದಿಕ್ಕು ತಿಳಿಯುವ ಕ್ರಮವೂ ಇದೇ.

ಆರು-ಏಳನೆಯವರಿಗೆ ಗಡಿಯಾರದ ತಕರಾರು ಎದುರಾಗುತ್ತದೆ. ಆಗಸ್ಟ್‌ನಲ್ಲಿ ಬೆಂಗಳೂರಿನ ಅತಿ ಗಿಡ್ಡ ನೆರಳು 12 ಗಂಟೆಗಲ್ಲ, ಸುಮಾರು 12.24ಕ್ಕೆ. ಯಾಕೆ? ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು. ಬೆಂಗಳೂರು ಅದಕ್ಕಿಂತ ಐದು ಡಿಗ್ರಿಯಷ್ಟು ಪಶ್ಚಿಮಕ್ಕಿದೆ, ಡಿಗ್ರಿಗೆ ನಾಲ್ಕು ನಿಮಿಷ. ಉಳಿದ ನಾಲ್ಕು ನಿಮಿಷ ಎಲ್ಲಿಂದ ಬಂತೆಂಬುದನ್ನು ಮೇಷ್ಟ್ರು ತಕ್ಷಣ ಹೇಳಿಬಿಡಬಾರದು.

ದೊಡ್ಡವರ ಪಾಲಿಗೆ ಇನ್ನೂ ರುಚಿಯಾದ ಕೆಲಸವಿದೆ. ಮೈಸೂರು ಮತ್ತು ಬಳ್ಳಾರಿ ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ, ನೇರ ಅಂತರ ಸುಮಾರು 315 ಕಿಲೋಮೀಟರ್. ಎರಡೂ ಊರಿನ ಶಾಲೆಗಳು ಒಂದೇ ದಿನ ನಡುಹಗಲಿನ ನೆರಳು ಅಳೆದು ಕೋನಗಳನ್ನು ಹೋಲಿಸಿದರೆ 2.8 ಡಿಗ್ರಿಯಷ್ಟು ವ್ಯತ್ಯಾಸ ಸಿಗಬೇಕು. 360 ಡಿಗ್ರಿಗೆ ಲೆಕ್ಕ ಹಾಕಿದರೆ ಭೂಮಿಯ ಸುತ್ತಳತೆ 40,000 ಕಿಲೋಮೀಟರ್‌ನ ಆಸುಪಾಸು. ಎರಟೋಸ್ತನೀಸ್ ಈಜಿಪ್ಟಿನಲ್ಲಿ ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಹಿಡಿದ ದಾರಿಯಿದು. ನೆರಳಿನ ಅಳತೆಯಲ್ಲಿ ಒಂದೇ ಸೆಂಟಿಮೀಟರ್ ತಪ್ಪಿದರೂ ಉತ್ತರ 33,000ಕ್ಕೆ ಇಳಿಯಬಹುದು, 50,000ಕ್ಕೆ ಏರಬಹುದು. ಕೋಲು ನೆಟ್ಟಗಿತ್ತೇ, ನೆಲ ಸಮವಿತ್ತೇ ಎಂದು ಮಕ್ಕಳು ಆಗ ಜಗಳವಾಡುತ್ತಾರೆ. ಆ ಜಗಳಕ್ಕೆ ಎಷ್ಟು ಹೊತ್ತು ಕೊಟ್ಟರೂ ಕಡಿಮೆಯೇ.

ಕರ್ನಾಟಕದಲ್ಲಿ ವರ್ಷದ ಮೊದಲ ಶೂನ್ಯ ನೆರಳು ಏಪ್ರಿಲ್-ಮೇ ತಿಂಗಳಲ್ಲಿ, ಬೇಸಿಗೆ ರಜೆಯಲ್ಲಿ ಬರುತ್ತದೆ. ಎರಡನೆಯದು ಆಗಸ್ಟ್‌ನಲ್ಲಿ: ತಿಂಗಳ ಮೊದಲಲ್ಲಿ ಬೀದರ್, ಮೂರನೇ ವಾರದಲ್ಲಿ ಬೆಂಗಳೂರು, ಮೈಸೂರು, ಚಾಮರಾಜನಗರ. ಮಳೆಗಾಲದ ಮೋಡ ಆ ದಿನವನ್ನೇ ನುಂಗಿದರೂ ಕೆಡುವುದಿಲ್ಲ. ಜೂನ್‌ನಿಂದ ಬಿಸಿಲು ಸಿಕ್ಕ ದಿನಗಳಲ್ಲೆಲ್ಲ ಬಿಸಿಯೂಟಕ್ಕೆ ಮುಂಚೆ ಅಳೆದು ಗ್ರಾಫ್ ಹಾಳೆಯಲ್ಲಿ ಗುರುತಿಸಿದ್ದರೆ, ನೆರಳು ಸೊನ್ನೆಯಾಗುವ ದಿನವನ್ನು ಮಕ್ಕಳೇ ಮೊದಲು ಹೇಳಬಲ್ಲರು. ಒಂದು ಎಚ್ಚರ: ಕಣ್ಣು ನೆಲದ ಮೇಲಿರಲಿ, ಸೂರ್ಯನನ್ನು ನೇರ ನೋಡುವುದು ಬೇಡ.

ಸರ್ಕಾರಿ ಶಾಲೆಯಲ್ಲಿ ಇದೆಲ್ಲ ಆಗದ ಮಾತು ಎನ್ನುವವರು ಮಧ್ಯಪ್ರದೇಶದ ಹೋಶಂಗಾಬಾದನ್ನು ನೆನೆಯಬೇಕು. 1972ರಲ್ಲಿ ಕಿಶೋರ ಭಾರತಿ ಮತ್ತು ಫ್ರೆಂಡ್ಸ್ ರೂರಲ್ ಸೆಂಟರ್ 16 ಮಾಧ್ಯಮಿಕ ಶಾಲೆಗಳಲ್ಲಿ ಪ್ರಯೋಗ ಮಾಡಿ ಕಲಿಯುವ ವಿಜ್ಞಾನ ಶುರುಮಾಡಿದವು. 1978ರಲ್ಲಿ ಅದು ಜಿಲ್ಲೆಯ ಮಾಧ್ಯಮಿಕ ಶಾಲೆಗಳಿಗೆಲ್ಲ ಹಬ್ಬಿತು, 1982ರಿಂದ ಏಕಲವ್ಯ ಸಂಸ್ಥೆ ಮುನ್ನಡೆಸಿತು. ಅಲ್ಲಿ ಪರೀಕ್ಷೆಯೂ ಬದಲಾಗಿತ್ತು: ಪುಸ್ತಕ ತೆರೆದಿಟ್ಟುಕೊಂಡೇ ಬರೆಯಬಹುದಿತ್ತು, ಪ್ರಯೋಗ ಮಾಡಿ ತೋರಿಸಬೇಕಿತ್ತು. ಶಿಕ್ಷಕರು ತಿಂಗಳಿಗೊಮ್ಮೆ ಸೇರಿ ತಮ್ಮ ತೊಡಕುಗಳನ್ನು ಬಿಡಿಸಿಕೊಳ್ಳುತ್ತಿದ್ದರು. 2002ರಲ್ಲಿ ರಾಜ್ಯ ಸರ್ಕಾರ ಅದನ್ನು ನಿಲ್ಲಿಸಿತು. ಮೂವತ್ತು ವರ್ಷ ನಡೆದ ಕೆಲಸ ಒಂದು ಆದೇಶಕ್ಕೆ ನಿಂತುಹೋದದ್ದು ನನಗೆ ಇಂದಿಗೂ ನೋವಿನ ಸಂಗತಿ.

ಅಂಗಳದ ಕೋಲಿಗೆ ಯಾವ ಆದೇಶವೂ ಬೇಕಿಲ್ಲ. ಬೇಕಾಗಿರುವುದು ವೇಳಾಪಟ್ಟಿಯಲ್ಲಿ ದಿನಕ್ಕೆ ಹತ್ತು ನಿಮಿಷ, ಅಳತೆ ಬರೆಯಲು ಶಾಲೆಗೆಲ್ಲ ಒಂದೇ ನೋಟ್‌ಬುಕ್. ಅದನ್ನು ವರ್ಷದ ಕೊನೆಗೆ ರದ್ದಿಗೆ ಹಾಕದೆ ಮುಂದಿನ ತರಗತಿಗೆ ಕೊಡಿ. ಕಳೆದ ವರ್ಷದ ಆಗಸ್ಟ್ 10ರ ನೆರಳಿಗೂ ಈ ವರ್ಷದ ಅದೇ ದಿನದ ನೆರಳಿಗೂ ಕೂದಲೆಳೆಯಷ್ಟು ವ್ಯತ್ಯಾಸ ಕಂಡರೆ ಅದು ಅಳತೆಯ ತಪ್ಪೋ, ಅಧಿಕ ವರ್ಷದ ಕೈವಾಡವೋ ಎಂದು ಹೊಸಬರು ಹುಡುಕಲಿ.